ಆರ್‌ಒ ಹೊರಗೆ ಬಿಡುವ ನೀರನ್ನು ಕೋಳಿಗಳಿಗೆ ಇಡಬಹುದಾ?

ಹಿತ್ತಲಮನೆ:
ನಮ್ಮದು ಕೋಲಾರದ ಹತ್ತಿರ ಹಳ್ಳಿ. ಹಿತ್ತಲಲ್ಲಿ 12 ಕೋಳಿಗಳಿವೆ, ಎಂಟು ಗಿರಿರಾಜ, ಉಳಿದವು ನಾಟಿ. ಬೋರ್‌ವೆಲ್ ನೀರು ತುಂಬಾ ಗಡಸು, ಪಾತ್ರೆಗೆಲ್ಲ ಬಿಳಿ ಪೊರೆ ಕಟ್ಟುತ್ತದೆ, ಅದಕ್ಕೇ ಮನೆಗೆ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹಾಕಿಸಿದ್ದೇವೆ. ಒಂದು ಬಿಂದಿಗೆ ಒಳ್ಳೆ ನೀರು ಬಂದರೆ ಎರಡು ಬಿಂದಿಗೆ ಹೊರಗೆ ಹೋಗುತ್ತದೆ. ಚರಂಡಿಗೆ ಯಾಕೆ ಬಿಡುವುದು ಅಂತ ಎರಡು ವಾರದಿಂದ ಅದನ್ನೇ ಕೋಳಿಗಳಿಗೆ ಇಡುತ್ತಿದ್ದೇನೆ. ಈಗ ಹಿಕ್ಕೆ ನೀರು ನೀರಾಗಿದೆ, ಗೂಡಿನ ಹೊಟ್ಟು ಒದ್ದೆಯಾಗಿ ನಾರುತ್ತಿದೆ. ಮೀಟರ್‌ನಲ್ಲಿ ನೋಡಿದರೆ ಬೋರ್ ನೀರಿನ ಟಿಡಿಎಸ್ (ಒಂದು ಲೀಟರ್ ನೀರಲ್ಲಿ ಕರಗಿರುವ ಉಪ್ಪು, ಖನಿಜ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ) 1,100, ಹೊರಗೆ ಬಿಡುವ ನೀರಿನದು 1,600. ಯಾವ ನೀರು ಇಡಲಿ?

ನಾಟಿಕೋಳಿ ಸಾಕಣೆ:
ಇವತ್ತೇ ನಿಲ್ಲಿಸಿ. ಆರ್‌ಒ ಉಪ್ಪನ್ನು ಎಲ್ಲೂ ಮಾಯ ಮಾಡುವುದಿಲ್ಲ, ನಿಮ್ಮ ಲೋಟದಿಂದ ತೆಗೆದು ಆ ಪೈಪಿಗೆ ಹಾಕುತ್ತದೆ ಅಷ್ಟೇ, ಫ್ಲೋರೈಡ್, ನೈಟ್ರೇಟ್ ಎಲ್ಲ ಸೇರಿ. ಟಿಡಿಎಸ್ 1,000ದ ಒಳಗಿದ್ದರೆ ಕೋಳಿಗೆ ಉಪ್ಪಿನ ಚಿಂತೆ ಇಲ್ಲ. 1,000 ದಾಟಿ 3,000ದವರೆಗೆ ದೊಡ್ಡ ಕೋಳಿ ತಡೆದುಕೊಳ್ಳುತ್ತದೆ, ಆದರೆ ಹಿಕ್ಕೆ ತೆಳುವಾಗುತ್ತದೆ, ನಿಮಗೆ ಆಗಿರುವುದೂ ಬಹುಶಃ ಅದೇ. ಒಂದು ಕೋಳಿ ದಿನಕ್ಕೆ ಕುಡಿಯುವುದು ಸುಮಾರು ಕಾಲು ಲೀಟರ್, ಅಂದರೆ ನಿಮ್ಮ ಹನ್ನೆರಡಕ್ಕೂ ಸೇರಿ ಮೂರೇ ಲೀಟರ್, ಬೇಸಿಗೆಯಲ್ಲಿ ಅದರ ಎರಡರಷ್ಟು ಇಟ್ಟುಕೊಳ್ಳಿ. ಅರ್ಧ ಒಳ್ಳೆ ನೀರು, ಅರ್ಧ ಬೋರ್ ನೀರು ಬೆರೆಸಿ ಇಡಿ. ಟಿಡಿಎಸ್ 600ರ ಆಸುಪಾಸಿಗೆ ಬರುತ್ತದೆ. ದಿನಕ್ಕೆ ಒಂದೂವರೆ ಲೀಟರ್ ಅವುಗಳಿಗೂ ಕೊಡಬಹುದು ಅಲ್ವಾ? ಹೊರಗೆ ಬಿಡುವ ನೀರಲ್ಲಿ ಅಂಗಳ ತೊಳೆಯಿರಿ.

ಮಲೆನಾಡ ಗೂಡು:
ನೀರಿನಷ್ಟೇ ಬೋಗುಣಿಯನ್ನೂ ನೋಡಿ. ನಾನು ಅಗಲ ಬೋಗುಣಿ ನೆಲದ ಮೇಲೆ ಇಡುತ್ತಿದ್ದೆ, ಮರಿಗಳು ಅದರೊಳಗೇ ನಿಂತು ಹಿಕ್ಕೆ ಹಾಕಿ ಅದನ್ನೇ ಕುಡಿದವು, ರಕ್ತಭೇದಿ ಬಂದು ಒಂದೇ ವಾರದಲ್ಲಿ ಒಂಬತ್ತು ಮರಿ ಹೋದವು. ಇವತ್ತಿಗೂ ಹೊಟ್ಟೆ ಚುರ್ ಅನ್ನುತ್ತದೆ. ಈಗ ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆ ಜೋಡಿಸಿ, ಅದರ ಮೇಲೆ ಕಿರಿದಾದ ಪಾತ್ರೆ ಇಡುತ್ತೇನೆ. ದಿನಾ ಬೆಳಗ್ಗೆ ತಿಕ್ಕಿ ತೊಳೆಯುತ್ತೇನೆ. ನೆರಳಲ್ಲೇ ಇರಲಿ, ಬಿಸಿಲಿಗೆ ಕಾದ ನೀರನ್ನು ಅವು ಮುಟ್ಟುವುದಿಲ್ಲ, ಪಾಚಿಯೂ ಬೇಗ ಕಟ್ಟುತ್ತದೆ.

ಇನ್ನೊಂದು ಮಾತು. ಕೊಕ್ಕರೆ ರೋಗಕ್ಕೆ ಲಸೋಟಾ ಲಸಿಕೆಯನ್ನು ನೀರಲ್ಲಿ ಹಾಕುವ ದಿನ ಕ್ಲೋರಿನ್ ಅಥವಾ ಬ್ಲೀಚಿಂಗ್ ಪೌಡರ್ ಬಿದ್ದ ನೀರು ಬೇಡವೇ ಬೇಡ. ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಕ್ಲೋರಿನ್ ಅದನ್ನು ಕೊಂದುಬಿಡುತ್ತದೆ. ಲೀಟರ್‌ಗೆ 5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಕಲಸಿ ಆಮೇಲೆ ಲಸಿಕೆ ಹಾಕಿ.

ತಿಪ್ಪೆಯ ಪಕ್ಕ:
ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದಕ್ಕೆ ರೋಗಾಣು ಕಾಣುವುದಿಲ್ಲ, ಯಾವ ಉಪ್ಪು ಎಷ್ಟಿದೆ ಅಂತಲೂ ಗೊತ್ತಾಗುವುದಿಲ್ಲ. ಬೋರ್ ಪಕ್ಕ ಕೊಟ್ಟಿಗೆಯೋ ತಿಪ್ಪೆಯೋ ಇದ್ದರೆ ನೈಟ್ರೇಟ್ ಪರೀಕ್ಷೆ ಮಾಡಿಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ. ಮಳೆ ನೀರು ಹಿಡಿಯುವುದಾದರೆ ಮೊದಲ ಮಳೆಯನ್ನು ಹರಿಯಲು ಬಿಡಿ, ಮಾಡಿನ ಮೇಲಿನ ಹಕ್ಕಿ ಹಿಕ್ಕೆಯೆಲ್ಲ ಅದರಲ್ಲೇ ಬರುತ್ತದೆ.

ಹಿತ್ತಲಮನೆ:
ಐದು ದಿನ ಬೆರೆಸಿದ ನೀರು ಇಟ್ಟೆ, ಹೊಟ್ಟೂ ಬದಲಾಯಿಸಿದೆ. ಹನ್ನೊಂದು ಕೋಳಿಗಳ ಹಿಕ್ಕೆ ಗಟ್ಟಿಯಾಗಿದೆ. ಒಂದು ನಾಟಿ ಹೇಂಟೆ ಮಾತ್ರ ಇನ್ನೂ ಮಂಕಾಗಿ ಕೂತಿದೆ, ಅದನ್ನು ಬೇರೆ ಇಟ್ಟಿದ್ದೇನೆ, ನಾಳೆ ಬೆಳಗ್ಗೆ ಪಶು ಆಸ್ಪತ್ರೆಗೆ ಒಯ್ಯುತ್ತೇನೆ. ಬೋರ್‌ನಿಂದ ಕೊಟ್ಟಿಗೆಗೆ ಇಪ್ಪತ್ತೇ ಅಡಿ, ಹಾಗಾಗಿ ನೀರಿನ ಬಾಟಲಿಯನ್ನೂ ಪರೀಕ್ಷೆಗೆ ತುಂಬಿಸಿಟ್ಟಿದ್ದೇನೆ.