ದಿನಕ್ಕೆ ಹತ್ತೇ ಗಂಟೆ: ಇಂಥ ಕೈಗಡಿಯಾರ ಬೇಕೇ?

ಚಕ್ರಹಲ್ಲು: 1957ರ ಏಪ್ರಿಲ್ 1ಕ್ಕೆ ರೂಪಾಯಿಯ 16 ಆಣೆ ಹೋಗಿ 100 ನಯಾಪೈಸೆ ಬಂತು. ಸೇರು ಹೋಗಿ ಕಿಲೋ ಬಂತು. ಹೊತ್ತಿನ ಲೆಕ್ಕ ಮಾತ್ರ ಇನ್ನೂ 24, 60, 60ರಲ್ಲೇ ನಿಂತಿದೆ. ದಿನಕ್ಕೆ 10 ಗಂಟೆ, ಗಂಟೆಗೆ 100 ನಿಮಿಷ, ನಿಮಿಷಕ್ಕೆ 100 ಸೆಕೆಂಡ್ ಇಟ್ಟರೆ, 7 ಗಂಟೆ 25 ನಿಮಿಷ ಅಂದ ಕೂಡಲೇ ದಿನದ 72.5% ಮುಗಿಯಿತು ಅಂತ ಗೊತ್ತಾಗುತ್ತೆ. ಅಂಥದ್ದೊಂದು ವಾಚ್ ಮಾಡಬೇಕು ಅಂತ ಡಯಲ್ ಬರೆಯುತ್ತಿದ್ದೇನೆ. ಏನಂತೀರಿ?

ಹಳೇಪುಟ: ಸರ್, ಫ್ರಾನ್ಸ್ ಇದನ್ನು ಮಾಡಿ ನೋಡಿ ಕೈಬಿಟ್ಟಿದೆ. ಕ್ರಾಂತಿ ಸರ್ಕಾರ 1793ರಲ್ಲಿ ಕಾನೂನು ತಂದಿತು. 1794ರ ಸೆಪ್ಟೆಂಬರ್ 22ರಿಂದ ಕಡ್ಡಾಯ, 1795ರ ಏಪ್ರಿಲ್ 7ಕ್ಕೆ ಅಮಾನತು. ಆ ಏಪ್ರಿಲ್ 7ರ ಕಾನೂನೇ ಮೀಟರು, ಗ್ರಾಮುಗಳಿಗೆ ಅಧಿಕೃತ ಸ್ಥಾನ ಕೊಟ್ಟಿದ್ದು ಅನ್ನೋದನ್ನು ಗಮನಿಸಿ. ತೂಕ, ಅಳತೆ ಊರಿಗೊಂದು ಥರ ಇದ್ದು ಜನ ರೋಸಿ ಹೋಗಿದ್ದರು, ಹಾಗಾಗಿ ಬದಲಾವಣೆ ನಿಂತಿತು. ಗಂಟೆಯಿಂದ ಯಾರಿಗೂ ಅಂಥ ತೊಂದರೆ ಇರಲಿಲ್ಲ.

ಚಕ್ರಹಲ್ಲು: ಕಡ್ಡಾಯ ಮಾಡಿದ್ದನ್ನು ನಾನೂ ಒಪ್ಪಲ್ಲ ಮೇಡಂ. ಆದರೆ ಲೆಕ್ಕ ಮಾಡೋರು ಅದನ್ನು ಬಿಡಲೇ ಇಲ್ಲ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ತಮ್ಮ ಖಗೋಳ ಗ್ರಂಥದಲ್ಲಿ ದಶಮಾಂಶ ದಿನವನ್ನೇ ಬಳಸಿದರು. ಎಕ್ಸೆಲ್‌ನಲ್ಲಿ ಮಧ್ಯಾಹ್ನ 12:00 ಅಂತ ಹೊಡೆದು ನಂಬರ್ ಫಾರ್ಮ್ಯಾಟ್‌ಗೆ ಬದಲಿಸಿ, 0.5 ಅಂತ ಬರುತ್ತೆ.

ಶಿಫ್ಟ್ ಇನ್‌ಚಾರ್ಜ್: ನಮ್ಮಲ್ಲಿ ಮೂರು ಪಾಳಿ, ತಲಾ 8 ಗಂಟೆ. ನಿಮ್ಮ ಲೆಕ್ಕದಲ್ಲಿ ಒಂದು ಪಾಳಿ 3.3333 ಗಂಟೆ. ಸೈರನ್ ಎಷ್ಟೊತ್ತಿಗೆ ಕೂಗಿಸೋಣ? ದಿನಕ್ಕೆ ಮೂರು ಸಲ ಮಾತ್ರೆ ತಗೊಳ್ಳೋರ ಗತಿ ಏನು? 24ನ್ನು ಮೂರು, ನಾಲ್ಕು, ಆರು, ಎಂಟು ಭಾಗ ಮಾಡಬಹುದು. 10ನ್ನು ಎರಡು, ಐದು ಬಿಟ್ಟರೆ ಬೇರೆ ಥರ ಹಂಚೋಕೇ ಆಗಲ್ಲ. ಎಕ್ಸೆಲ್ ಒಳಗೆ ಏನು ಬೇಕಾದರೂ ಇಟ್ಟುಕೊಳ್ಳಲಿ, ಕೆಲಸದವರ ಕೈಗೆ ಇದು ಬೇಡ.

ರಿಪೇರಿ ಟೇಬಲ್: ಮಷಿನ್ ವಿಷಯ ನಾನು ಹೇಳ್ತೀನಿ. ಡಯಲ್ ಕೆಳಗಿನ ಚಕ್ರಗಳು ಈಗ ನಿಮಿಷದ ಮುಳ್ಳು 12 ಸುತ್ತು ಹಾಕಿದರೆ ಗಂಟೆ ಮುಳ್ಳನ್ನು ಒಂದು ಸುತ್ತು ಹಾಕಿಸುತ್ತವೆ. ಅದನ್ನು 10ಕ್ಕೆ 1 ಮಾಡಬೇಕು, ಹಲ್ಲಿನ ಲೆಕ್ಕ ಬದಲಿಸಿದರೆ ಆಯ್ತು. ಸೆಕೆಂಡ್ ಚಕ್ರದಿಂದ ನಿಮಿಷದ ಚಕ್ರಕ್ಕೆ 60 ಸುತ್ತಿನ ಬದಲು 100. ತಲೆನೋವು ಇರೋದು ಅತ್ತಿತ್ತ ತೂಗಾಡಿ ಬಡಿತ ಕೊಡೋ ಚಕ್ರದಲ್ಲಿ, ಅಂದರೆ ಬ್ಯಾಲೆನ್ಸ್‌ನಲ್ಲಿ. ನಿಮ್ಮ ಒಂದು ಸೆಕೆಂಡ್ ಅಂದರೆ ನಮ್ಮ 0.864 ಸೆಕೆಂಡ್. ಗಂಟೆಗೆ 28,800 ಬಡಿಯೋ ಮಷಿನ್‌ನಲ್ಲಿ ಅಷ್ಟು ಹೊತ್ತಿಗೆ 6.912 ಬಡಿತ, ಮುಳ್ಳು ಗೆರೆ ಮೇಲೆ ಬಂದು ಕೂರಲ್ಲ. ಆ ಚಕ್ರವನ್ನು ತೂಗಿಸೋ ಸಣ್ಣ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್ ಬದಲಿಸಿ 25,000ಕ್ಕೆ ಇಳಿಸಿದರೆ ಸರಿಯಾಗಿ 6.

ಸೆಲ್ ವಾಚ್ ಆದರೆ ಒಳಗಿನ ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಅದನ್ನು 15 ಸಲ ಅರ್ಧ ಮಾಡಿದರೆ ಒಂದಕ್ಕೆ ಬರುತ್ತೆ. ಇಲ್ಲಿ ಆ ದಾರಿ ನಡೆಯಲ್ಲ. ನಮ್ಮ 108 ಸೆಕೆಂಡಲ್ಲಿ 125 ಸಲ ಮುಳ್ಳು ತಳ್ಳು ಅಂತ ಚಿಪ್‌ಗೆ ಬರೆದುಕೊಡಬೇಕು.

ಹಳೇಪುಟ: ಸ್ವಿಸ್ ವಾಚ್ ಕಂಪನಿ ಸ್ವಾಚ್ 1998ರಲ್ಲಿ ದಿನಕ್ಕೆ 1000 ಬೀಟ್ ಅಂತ ತಂದಿತ್ತಲ್ಲ. ಒಂದು ಬೀಟ್ 86.4 ಸೆಕೆಂಡ್, ಅಂದರೆ ನಿಮ್ಮ ಒಂದು ನಿಮಿಷವೇ. ಅಷ್ಟು ದೊಡ್ಡ ಕಂಪನಿ ತಂದರೂ ರೂಢಿಗೆ ಬರಲಿಲ್ಲ.

ಚಕ್ರಹಲ್ಲು: ಸ್ವಾಚ್ ಇಡೀ ಲೋಕಕ್ಕೆ ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಮಧ್ಯರಾತ್ರಿಯನ್ನೇ ಸೊನ್ನೆ ಮಾಡಿತು. ಇಲ್ಲಿ ಕೂತವನಿಗೆ ಬೆಳಗಾಯಿತೋ ಸಂಜೆಯಾಯಿತೋ ಆ ಅಂಕಿ ಹೇಳಲ್ಲ. ನನ್ನದು ಊರಿನ ಹೊತ್ತು. ಇನ್ನು ರೂಢಿ ಮಾತು: ಪಂಚಾಂಗದ ಪ್ರಕಾರ ದಿನಕ್ಕೆ 60 ಘಳಿಗೆ, ಒಂದು ಘಳಿಗೆ 24 ನಿಮಿಷ. ಗೋಡೆ ಗಡಿಯಾರ ಬಂದ ಮೇಲೂ ಮುಹೂರ್ತ ನೋಡೋರು ಆ ಲೆಕ್ಕ ಬಿಟ್ಟಿಲ್ಲ. ಎರಡು ಲೆಕ್ಕ ಒಟ್ಟಿಗೆ ಇರಬಹುದು. ಫ್ರೆಂಚ್ ಗಡಿಯಾರಗಳಲ್ಲೂ ಎಷ್ಟೋ ಡಯಲ್‌ಗಳಲ್ಲಿ ಎರಡೂ ಅಂಕಿ ಇದ್ದವು. ನಾನೂ ಹೊರಗಿನ ಉಂಗುರದಲ್ಲಿ 24 ಗಂಟೆ ಇಡುತ್ತೇನೆ. ಗಂಟೆ ಮುಳ್ಳು ದಿನಕ್ಕೆ ಒಂದೇ ಸುತ್ತು, ನಡುಮಧ್ಯಾಹ್ನದ 5 ನೆತ್ತಿಯಲ್ಲಿ, ಮಧ್ಯರಾತ್ರಿ ಕೆಳಗೆ.

ಶಿಫ್ಟ್ ಇನ್‌ಚಾರ್ಜ್: ಹಾಗಾದರೆ ಆ ಹೊರ ಉಂಗುರದಲ್ಲಿ 6, 14, 22ಕ್ಕೆ ಕೆಂಪು ಗೆರೆ ಹಾಕಿ. ಒಳಗಡೆ 2.50, 5.83, 9.17 ಅಂತ ಬರುತ್ತೆ. ನಮ್ಮ ಹುಡುಗರು ನೋಡೋದು ಆ ಕೆಂಪು ಗೆರೆಯನ್ನೇ, ಒಳಗಿನ ಅಂಕಿಯನ್ನಲ್ಲ.

ರಿಪೇರಿ ಟೇಬಲ್: 25,000ದ ಹೇರ್‌ಸ್ಪ್ರಿಂಗ್ ಹುಡುಕೋಕೆ ಈಗಲೇ ಹೋಗಬೇಡಿ. ಮೊದಲು ಸೆಲ್ ಮಷಿನ್‌ನಲ್ಲಿ ಒಂದು ಮಾಡಿ ಕೈಗೆ ಕಟ್ಟಿಕೊಳ್ಳಿ. ಮುಳ್ಳು ಸ್ವಲ್ಪ ಉದ್ದ ಇರಲಿ, 100 ಗೆರೆ ಚಿಕ್ಕ ಡಯಲ್ ಮೇಲೆ ಕಣ್ಣಿಗೆ ಕಾಣಲ್ಲ.