ಬಿಸ್ಕೆಟ್ ಕೊಡೋದು ತಡ ಆದ್ರೆ ನಾಯಿ ಕಲಿಯಲ್ವಾ?

ಪ್ರಶ್ನೆ: ಮರಿಗೆ ‘ಕೂತ್ಕೋ’ ಕಲಿಸ್ತಿದೀನಿ. ಕೂರುತ್ತೆ, ಆದ್ರೆ ನಾನು ಡಬ್ಬಿ ಮುಚ್ಚಳ ತೆಗೆಯೋಷ್ಟರಲ್ಲಿ ಎದ್ದು ಮೈಮೇಲೆ ಹಾರಿರುತ್ತೆ, ಆಮೇಲೆ ಬಿಸ್ಕೆಟ್ ಕೊಡ್ತೀನಿ. ಈಗ ಹಾರೋದೇ ಜಾಸ್ತಿ ಆಗಿದೆ, ಯಾಕೆ?

ಉತ್ತರ 1: ಅದರ ಲೆಕ್ಕದಲ್ಲಿ ಬಿಸ್ಕೆಟ್ ಸಿಕ್ಕಿದ್ದು ಹಾರಿದ್ದಕ್ಕೆ. 1948ರಲ್ಲಿ ಮನಶ್ಶಾಸ್ತ್ರಜ್ಞ ಗ್ರೈಸ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಆಹಾರ 5 ಸೆಕೆಂಡ್ ತಡ ಆದ್ರೇ ಕಲಿಕೆ ತುಂಬಾ ನಿಧಾನ ಆಯ್ತು, 10 ಸೆಕೆಂಡಿಗೆ ಕೆಲವು ಕಲೀಲೇ ಇಲ್ಲ. ಕ್ಲಿಕ್ಕರ್ (ಒತ್ತಿದ್ರೆ ‘ಕ್ಲಿಕ್’ ಅಂತ ಸದ್ದು ಮಾಡೋ ಪುಟ್ಟ ಸಾಧನ) ತಗೊಳ್ಳಿ. ಮೊದಲು ಕ್ಲಿಕ್ ಅಂದ್ರೆ ತಿಂಡಿ ಅಂತ ಅಭ್ಯಾಸ ಮಾಡಿಸಿ, ಆಮೇಲೆ ಹಿಂಭಾಗ ನೆಲಕ್ಕೆ ತಾಗಿದ ಕ್ಷಣಕ್ಕೇ ಕ್ಲಿಕ್ ಮಾಡಿ, ಬಿಸ್ಕೆಟ್ ಸ್ವಲ್ಪ ಲೇಟಾದ್ರೂ ಆ ಸದ್ದು ನಡುವಿನ ಗ್ಯಾಪ್ ತುಂಬುತ್ತೆ.

ಉತ್ತರ 2: ಸರಿ, ಆದ್ರೆ ರುಚಿ ವಿಷಯ ಬೇರೆ, ಅಲ್ಲಿ ತಡ ಆದ್ರೂ ಕಲಿಯುತ್ತೆ. ತಿಂದು ಗಂಟೆ ಕಳೆದ ಮೇಲೆ ಹೊಟ್ಟೆ ಕೆಟ್ರೂ ಇಲಿ ಆ ರುಚಿನ ದೂರ ಇಡುತ್ತೆ, ಮನಶ್ಶಾಸ್ತ್ರಜ್ಞ ಗಾರ್ಸಿಯಾ 1966ರಲ್ಲೇ ತೋರಿಸಿದ್ರು. ನನಗಂತೂ ಇದೇ ದೊಡ್ಡ ಅಚ್ಚರಿ.