ನಂಬಿಕೆ ಬಿಟ್ಟ ಮೇಲೆ ಗಾಂಜಾ ಹಿಡಿದವರು, ಬಿಟ್ಟವರು: ನಿಮ್ಮ ಅನುಭವ ತಿಳಿಸಿ

ವಿದ್ಯಾನಗರದ ಹುಡುಗ, ದಾವಣಗೆರೆ (ಪ್ರಶ್ನೆ ಕೇಳಿದವನು)

ನಮ್ಮದು ಕಟ್ಟುನಿಟ್ಟಿನ ಮನೆ. ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ನೀರೂ ಇಲ್ಲ, ಪರೀಕ್ಷೆಯ ದಿನವೂ ವಿನಾಯಿತಿ ಇಲ್ಲ. ಎಂಜಿನಿಯರಿಂಗ್ ಓದುವಾಗ ನಂಬಿಕೆ ಹೋಯಿತು. ಯಾರೂ ಕೆಡಿಸಲಿಲ್ಲ, ತಾನಾಗಿಯೇ ಹೋಯಿತು. ಈಗಲೂ ಬೆಳಿಗ್ಗೆ ಎಲ್ಲರ ಜೊತೆ ಕಣ್ಣು ಮುಚ್ಚಿ ಕುಳಿತು ಏಳುತ್ತೇನೆ. ರಾತ್ರಿ ಮನೆಯವರು ಮಲಗಿದ ಮೇಲೆ ಮಹಡಿಯಲ್ಲಿ ಗಾಂಜಾ ಸೇದುತ್ತೇನೆ. ಸೇದದ ರಾತ್ರಿ ನಿದ್ದೆ ಇಲ್ಲ, ಬಂದರೂ ಭಯಂಕರ ಕನಸು. ಮನೆಯಲ್ಲಿ ಹೆಣ್ಣು ನೋಡಲು ಶುರು ಮಾಡಿದ್ದಾರೆ. ನಿಲ್ಲಿಸಿದವರಿಗೆ ನಿದ್ದೆ ಯಾವಾಗ ಸರಿಹೋಯಿತು? ಮನೆಯಲ್ಲಿ ಮೊದಲು ಯಾವುದನ್ನು ಹೇಳಿದಿರಿ, ನಂಬಿಕೆ ಹೋದದ್ದನ್ನೋ ಸೇದುವುದನ್ನೋ? ಗುರುತಿನವರ ಕಣ್ಣಿಗೆ ಬೀಳದೆ ವೈದ್ಯರನ್ನು ಕಾಣುವುದು ಹೇಗೆ?

ಜೋಗಿಮಟ್ಟಿ, ಚಿತ್ರದುರ್ಗ

ನಾನು ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ನಮ್ಮದು ಮಾಧ್ವರ ಮನೆ. ಏಕಾದಶಿಗೆ ನಿರ್ಜಲ ಉಪವಾಸ, ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ. ಆಷಾಢ ಏಕಾದಶಿಯಂದು ಸ್ವಾಮಿಗಳು ತೋಳಿಗೆ ಬಿಸಿ ಮುದ್ರೆ ಒತ್ತುವಾಗ ನಾನು ಅತ್ತರೆ ಅಪ್ಪನಿಗೆ ಅವಮಾನ. ದೊಡ್ಡವನಾದ ಮೇಲೆ ಜನಿವಾರ ತೆಗೆದೆ. ಅದಕ್ಕೆ ತೆತ್ತದ್ದು ಕೇಳಿ. ಬಾಡಿಗೆ ಮನೆಗೆ ಮುಂಗಡ 40,000 ರೂಪಾಯಿ ಸಾಲ ತಂದು ಕಟ್ಟಿದೆ. ಸೋದರಮಾವ ಕೊಡಿಸಿದ್ದ ಲೆಕ್ಕಪತ್ರದ ಕೆಲಸ ಅದೇ ವಾರ ಹೋಯಿತು. ಅಪ್ಪ ತೀರಿಕೊಂಡಾಗ ಹಿರಿಯ ಮಗ ನಾನಿದ್ದರೂ ಕರ್ಮಕ್ಕೆ ತಮ್ಮನನ್ನು ಕೂರಿಸಿದರು. ಹದಿಮೂರು ದಿನದ ಖರ್ಚು 1,10,000 ಆಯಿತೆಂದು ಚೀಟಿ ಬರೆದು, ಅರ್ಧ ನನ್ನಿಂದ ವಸೂಲಿ ಮಾಡಿದರು. ವೈಕುಂಠ ಸಮಾರಾಧನೆಯ ದಿನ ನನ್ನ ಎಲೆಯನ್ನು ಪಂಕ್ತಿಯ ಹೊರಗೆ, ನಡುಮನೆಯ ಬಾಗಿಲ ಬಳಿ ಹಾಕಿದರು. ದುಡ್ಡು ತೆಗೆದುಕೊಳ್ಳುವ ಕೈಗೆ ಮಡಿ ಅಡ್ಡ ಬರಲಿಲ್ಲ, ಅನ್ನ ಬಡಿಸುವ ಕೈಗೆ ಬಂತು.

ಶನಿವಾರ ರಾತ್ರಿ ಮಾತ್ರ ಸೇದುತ್ತೇನೆ. ನರಕದ ಲೆಕ್ಕ, ಪಾಪದ ಲೆಕ್ಕ ಕೇಳಿ ಬೆಳೆದ ತಲೆ ಆ ಹೊತ್ತು ಒಂದಿಷ್ಟು ಸುಮ್ಮನಾಗುತ್ತದೆ. ಅಷ್ಟು ನೆಮ್ಮದಿಯನ್ನು ನನ್ನ ಮನೆ ನನಗೆ ಎಂದೂ ಕೊಡಲಿಲ್ಲ. ಬುದ್ಧಿವಾದ ಹೇಳುವವರು ಮೊದಲು ಆ ಬಾಗಿಲ ಬಳಿ ಕುಳಿತು ಉಂಡು ಬರಲಿ.

ಹರಿಹರದವಳು

ನಿಮ್ಮ ತಲೆ ಸುಮ್ಮನಾಯಿತು, ನನ್ನದು ಹೊತ್ತಿಕೊಂಡಿತು. ನಾವು ಪೆಂತೆಕೊಸ್ತ ಸಭೆಯವರು. ಕಿವಿಗೆ ಓಲೆ ಇಲ್ಲ, ಮುಡಿಗೆ ಹೂವಿಲ್ಲ, ಸಿನಿಮಾ ಇಲ್ಲ. ಶುಕ್ರವಾರ ಉಪವಾಸ ಪ್ರಾರ್ಥನೆ, ತಿಂಗಳಿಗೊಮ್ಮೆ ಇಡೀ ರಾತ್ರಿಯ ಪ್ರಾರ್ಥನೆ. ಕರ್ತನು ಬರುವಾಗ ಭಕ್ತರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಇಲ್ಲೇ ಉಳಿಯುತ್ತಾರೆ ಎಂದು ಕಲಿತಿದ್ದೆ. ಶಾಲೆಯಿಂದ ಬಂದಾಗ ಅಮ್ಮ ಮನೆಯಲ್ಲಿ ಇಲ್ಲದಿದ್ದರೆ, ಎಲ್ಲರೂ ಹೋದರು ನಾನೊಬ್ಬಳೇ ಉಳಿದೆ ಎಂದು ನಡುಗುತ್ತಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಭೆ ಬಿಟ್ಟೆ, ಕೋಣೆಯ ಗೆಳತಿಯರ ಜೊತೆ ಗಾಂಜಾ ಶುರುವಾಯಿತು. ಮೊದಮೊದಲು ಬರೀ ನಗು. ಆಮೇಲೆ ಸೇದಿದಾಗಲೆಲ್ಲ ಎದೆ ಹೊಡೆದುಕೊಂಡು, ಕೈ ತಣ್ಣಗಾಗಿ, ಬಿಟ್ಟುಬಂದ ನರಕವೆಲ್ಲ ಎದುರು ಬಂದು ನಿಲ್ಲುತ್ತಿತ್ತು. ಹೃದಯಾಘಾತವೆಂದು ತಿಳಿದು ರಾತ್ರಿ ಆಟೋದಲ್ಲಿ ಖಾಸಗಿ ಆಸ್ಪತ್ರೆಗೆ ಓಡಿದೆ. ಇಸಿಜಿ, ರಕ್ತ ಪರೀಕ್ಷೆ, ಎಕೋ ಸೇರಿ 9,400 ರೂಪಾಯಿ. ಹೃದಯ ಸರಿಯಾಗಿದೆ ಎಂದು ಕಳುಹಿಸಿದರು, ಏನು ಸೇದಿದ್ದೆ ಎಂದು ಒಬ್ಬರೂ ಕೇಳಲಿಲ್ಲ. ಆಮೇಲೆ ಕಂಡ ಮನೋವೈದ್ಯರು ಹೇಳಿದರು: ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಕೆಲವರ ಆತಂಕವನ್ನು ಇಳಿಸುತ್ತದೆ, ಕೆಲವರಲ್ಲಿ ಏರಿಸುತ್ತದೆ, ಪ್ರಮಾಣ ಹೆಚ್ಚಿದಷ್ಟೂ ಏರುವ ಸಂಭವ ಹೆಚ್ಚು. ಭಯದಲ್ಲೇ ಬೆಳೆದವಳಿಗೆ ಅದು ಔಷಧವಾಗಲಿಲ್ಲ. ನಾನು ಬಿಟ್ಟೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ.

ಬಸವಭಕ್ತ, ದಾವಣಗೆರೆ

ತಮ್ಮಾ, ನಂಬಿಕೆ ಹೋಯಿತು ಎನ್ನುವುದೇ ಅಮಲಿನ ಮಾತು. ಅಂಗೈಯಲ್ಲಿ ಲಿಂಗ ಹಿಡಿದು ದೃಷ್ಟಿಯಿಟ್ಟು ಕುಳಿತರೆ ಯಾವ ಹೊಗೆಯೂ ಬೇಕಿಲ್ಲ. ನಾನು ಮೂವತ್ತು ವರ್ಷ ಬೀಡಿ ಸೇದಿದವನು, ಶಿವಯೋಗದಿಂದಲೇ ಬಿಟ್ಟೆ. ಬಸವಣ್ಣನವರು ಮೂಢನಂಬಿಕೆ ಹೇಳಿಕೊಟ್ಟವರಲ್ಲ, ಪ್ರಶ್ನೆ ಕೇಳಿ ಎಂದವರು. ನಿಮ್ಮ ಮನೆಯಲ್ಲಿ ಸರಿಯಾಗಿ ಹೇಳಿಕೊಟ್ಟಿಲ್ಲ ಅಷ್ಟೇ.

ಹರಿಹರದವಳು

ಪ್ರತಿ ಧರ್ಮದವರೂ ಇದನ್ನೇ ಹೇಳುತ್ತಾರೆ, ನಿಮಗೆ ಸರಿಯಾಗಿ ಹೇಳಿಕೊಟ್ಟಿಲ್ಲ ಎಂದು. ನಮ್ಮ ಪಾಸ್ಟರ್ ಕೂಡ ಹೇಳಿದ್ದರು. ಆ ಹುಡುಗ ನಿದ್ದೆ ಕೇಳಿದ್ದಾನೆ, ದೀಕ್ಷೆ ಕೇಳಿಲ್ಲ.

ಕೃಷ್ಣಾ ತೀರದವನು, ಸದ್ಯ ದಾವಣಗೆರೆ

ದೇವರು ಬೇರೆ, ಗಾಂಜಾ ಬೇರೆ ಎಂದು ಯಾಕೆ ಜಗಳ? ನಮ್ಮ ಯಾದಗಿರಿ ಜಿಲ್ಲೆಯ ತಿಂಥಣಿಯಲ್ಲಿ ಮೌನೇಶ್ವರರ ಸನ್ನಿಧಿಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆ. ಅವಧೂತರು, ಆರೂಢರು ಅದನ್ನು ಧ್ಯಾನಕ್ಕೆ ಬಳಸಿದವರು. ನಮ್ಮ ಅಜ್ಜನೂ ಸೇದುತ್ತಿದ್ದ, ತೊಂಬತ್ತು ದಾಟಿ ಬದುಕಿದ. ಹಿತ್ತಲಲ್ಲಿ ಒಂದು ಗಿಡ ಇಟ್ಟುಕೊಂಡರೆ ದುಡ್ಡಿನ ಖರ್ಚೂ ಇಲ್ಲ.

ಕೇಸು ಕಂಡವನು, ಹಿರಿಯೂರು

ಯಾರಿಗೂ ಇಂಥ ಸಲಹೆ ಕೊಡಬೇಡಿ. ಎನ್‌ಡಿಪಿಎಸ್ ಕಾಯ್ದೆ, 1985, ಅಂದರೆ ಮಾದಕ ವಸ್ತುಗಳ ಕಾನೂನು. ಗಿಡ ಬೆಳೆಸಿದರೆ 20ನೇ ಕಲಂ ಅಡಿ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಒಂದು ಕಿಲೋವರೆಗೆ ಸಣ್ಣ ಪ್ರಮಾಣ ಎನ್ನುವ ರಿಯಾಯಿತಿ ಇಟ್ಟುಕೊಂಡವನಿಗೆ, ಬೆಳೆದವನಿಗಲ್ಲ. ನಿಮ್ಮ ಅಜ್ಜನ ಕಾಲ ಮುಗಿದಿದೆ. 2022ರಲ್ಲಿ ನಮ್ಮ ಹೈಕೋರ್ಟು, ಎಲೆ ಅರೆದು ಮಾಡುವ ಭಾಂಗ್ ಈ ಕಾಯ್ದೆಯ ಗಾಂಜಾ ಅಲ್ಲ ಎಂದದ್ದನ್ನು ಹಿಡಿದುಕೊಂಡು ಕುಣಿಯುವವರಿಗೂ ಹೇಳುತ್ತೇನೆ: ಅದು ಜಾಮೀನಿನ ಆದೇಶ. ಹೂವಿನ ತೆನೆ ಇದ್ದರೆ ಗಾಂಜಾವೇ.

ನನ್ನ ಕಥೆ. ಗೆಳೆಯನ ಕಾರಿನಲ್ಲಿ ವಾಣಿವಿಲಾಸ ಸಾಗರಕ್ಕೆ ಹೋಗಿ ಬರುವಾಗ ತಪಾಸಣೆಗೆ ನಿಲ್ಲಿಸಿದರು. ಜೇಬಿನಲ್ಲಿ ಏನೂ ಇರಲಿಲ್ಲ. ಮೂತ್ರ ಪರೀಕ್ಷೆಯಲ್ಲಿ ಗಾಂಜಾ ಬಂತು. ದಿನವೂ ಸೇದುವವನ ಮೈಕೊಬ್ಬಿನಲ್ಲಿ ಅದು ಉಳಿದುಕೊಂಡು, ನಿಲ್ಲಿಸಿದ ವಾರಗಳ ಮೇಲೂ ಪರೀಕ್ಷೆಯಲ್ಲಿ ಸಿಗುತ್ತದೆ. 27ನೇ ಕಲಂ, ಸೇವನೆ: ಆರು ತಿಂಗಳವರೆಗೆ ಸಜೆ ಅಥವಾ 10,000 ದಂಡ ಅಥವಾ ಎರಡೂ. ಕೇಳಿದರೆ ಸಣ್ಣದು ಅನಿಸುತ್ತದೆ. ವಕೀಲರಿಗೆ ಮೊದಲು 15,000, ಆರೋಪಪಟ್ಟಿಯ ನಂತರ 20,000. ಜಾಮೀನಿಗೆ ನಿಂತ ಚಿಕ್ಕಪ್ಪ ಪಹಣಿ ತಂದುಕೊಟ್ಟ ಉಪಕಾರವನ್ನು ಪ್ರತಿ ಮದುವೆಯಲ್ಲೂ ಎತ್ತಿ ಆಡುತ್ತಾರೆ. ಪ್ರತಿ ಮುದ್ದತಿಗೆ ಬಸ್ಸು, ಊಟ, ಗುಮಾಸ್ತರ ಕೈಕಾಸು, ಒಂದು ದಿನದ ಸಂಬಳ. ದುಬೈ ಕೆಲಸದ ಕರೆ ಬಂದಾಗ ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ಕೇಸು ಬಾಕಿ ಎಂದು ಬಂತು, ನ್ಯಾಯಾಲಯದ ಅನುಮತಿ ಬರುವಷ್ಟರಲ್ಲಿ ಆ ಜಾಗ ಬೇರೆಯವನ ಪಾಲಾಯಿತು. ನಮ್ಮ ಮನೆಯಲ್ಲಿ ದೇವರ ಜಗಳ ಇರಲಿಲ್ಲ ಅಂದುಕೊಳ್ಳಬೇಡಿ. ಅಪ್ಪ ನಾಯಕನಹಟ್ಟಿ ತೇರಿಗೆ ಮುಡಿಪು ಕಟ್ಟಿ, ನನ್ನ ಕೇಸು ಬಿದ್ದುಹೋಗಲಿ ಎಂದು ಬೇಡಿಕೊಂಡರು. ವಕೀಲರ ಬಾಕಿಗೆ ಇಟ್ಟ ದುಡ್ಡು ಅದರಲ್ಲಿ ಹೋಯಿತು.

ಕೃಷ್ಣಾ ತೀರದವನು

ನಿಮ್ಮ ಕೇಸಿನ ಸಿಟ್ಟನ್ನು ನಮ್ಮ ಮೌನೇಶ್ವರರ ಮೇಲೆ ತೀರಿಸಬೇಡಿ. ಪ್ರಸಾದ ಎಂದರೆ ಚಿಟಿಕೆ. ನೀವು ಕಾರಿನಲ್ಲಿ ಕುಳಿತು ಮಾಡಿದ್ದು ಮೋಜು.

ಚಳ್ಳಕೆರೆಯ ಅಣ್ಣ

ಚಿಟಿಕೆ, ಶನಿವಾರ ಮಾತ್ರ, ಮೋಜು. ಈ ಮೂರೂ ಮಾತನ್ನು ನನ್ನ ತಮ್ಮನ ಬಾಯಲ್ಲಿ ಕೇಳಿದ್ದೇನೆ. ಅವನು ಕುರ್‌ಆನ್ ಬಾಯಿಪಾಠ ಮಾಡಿದ ಹುಡುಗ. ರಂಜಾನಿನ ತರಾವೀಹ್ ನಮಾಜಿನಲ್ಲಿ ಅವನು ಓದುವಾಗ ಹಿರಿಯರು ಅಳುತ್ತಿದ್ದರು. ಪದವಿಗೆ ದಾವಣಗೆರೆಗೆ ಕಳುಹಿಸಿದೆವು, ಅಲ್ಲಿ ನಂಬಿಕೆ ಬಿಟ್ಟ. ಅಬ್ಬಾ ಮಾತು ಬಿಟ್ಟರು. ಅವನು ಹಗಲೂ ರಾತ್ರಿ ಸೇದತೊಡಗಿದ. ಒಂದು ದಿನ ಅಮ್ಮಿಗೆ, ಗೋಡೆಯೊಳಗಿಂದ ಯಾರೋ ಅಜಾನ್ ಕೂಗಿ ನನ್ನನ್ನು ಹೆಸರು ಹಿಡಿದು ಬೈಯುತ್ತಿದ್ದಾರೆ ಎಂದ. ಅಬ್ಬಾ ಜಿನ್ನು ಎಂದರು. ತಾಯತಕ್ಕೆ 3,500, ನೀರು ಊದಿಸಲು 1,100, ಅದಕ್ಕೆಂದೇ ಬಾಡಿಗೆ ಜೀಪು 4,000. ಆಮೇಲೆ ಒಂದು ಖಾಸಗಿ ವ್ಯಸನಮುಕ್ತಿ ಕೇಂದ್ರ, ತಿಂಗಳಿಗೆ 18,000ದಂತೆ ಮೂರು ತಿಂಗಳದ್ದು ಮುಂಗಡವಾಗಿ 54,000. ಅಮ್ಮಿಯ ಬಳೆ ಹೋಯಿತು. ನೋಡಲು ಬಿಡಲಿಲ್ಲ. ಜಗಳವಾಡಿ ಒಳಗೆ ಹೋದಾಗ ಬೆನ್ನ ಮೇಲೆ ಬಾಸುಂಡೆ. ಹಣ ವಾಪಸ್ ಇಲ್ಲ, ರಸೀದಿಯೂ ಇಲ್ಲ.

ಕೊನೆಗೆ ದಾವಣಗೆರೆಯಿಂದ ರೈಲು ಹತ್ತಿಸಿ ಧಾರವಾಡದ ಸರ್ಕಾರಿ ಮನೋರೋಗ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಒಳರೋಗಿಯಾಗಿ ಇಟ್ಟುಕೊಂಡರು. ಸೇದಿದವರಿಗೆಲ್ಲ ಹೀಗಾಗುವುದಿಲ್ಲ, ಎಳೆಯ ವಯಸ್ಸಿನಲ್ಲಿ ಶುರು ಮಾಡಿದವರಿಗೆ, ದಿನವೂ ಸೇದುವವರಿಗೆ, ಮನೆತನದಲ್ಲಿ ಮನೋರೋಗ ಇದ್ದವರಿಗೆ ಅಪಾಯ ಹೆಚ್ಚು ಎಂದರು. ನಮ್ಮ ದೊಡ್ಡಪ್ಪನಿಗೆ ಇತ್ತು, ಅದನ್ನು ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾತ್ರೆಗೆ ತೂಕ ಏರಿತು, ಅದಕ್ಕೆ ಮಾತ್ರೆ ಬಿಟ್ಟ, ಮತ್ತೆ ಸೇದಿದ, ಮತ್ತೆ ಧಾರವಾಡ. ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ದಿನ ಕೂರುತ್ತಾನೆ. ನಮಾಜು ಮಾಡುವುದಿಲ್ಲ. ಅಬ್ಬಾಗೆ ಹೇಳಿದ್ದೇನೆ, ಅದರ ಬಗ್ಗೆ ಒಂದು ಮಾತೂ ಬೇಡ, ನನಗೆ ತಮ್ಮ ಉಳಿದರೆ ಸಾಕು.

ಜೋಗಿಮಟ್ಟಿ, ಚಿತ್ರದುರ್ಗ

ನಿಮ್ಮ ತಮ್ಮನ ವಿಷಯಕ್ಕೆ ನನಗೂ ಸಂಕಟವಿದೆ. ಆದರೆ ಅವನ ಕಾಯಿಲೆಗೆ ನನ್ನ ಶನಿವಾರವನ್ನು ಕಟಕಟೆಗೆ ತರಬೇಡಿ. ಅಬ್ಬಾ ಮಾತು ಬಿಟ್ಟದ್ದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ. ಹೊಗೆಯ ಲೆಕ್ಕ ಮಾತ್ರ ಪೈಸೆ ಪೈಸೆ ಬರೆದಿರಿ.

ಚಳ್ಳಕೆರೆಯ ಅಣ್ಣ

ನನ್ನ ತಂದೆಯ ಬಗ್ಗೆ ನೀವು ಮಾತನಾಡುವ ಅಗತ್ಯವಿಲ್ಲ. ಆ ಮೌನಕ್ಕೆ ಅವರು ಎಷ್ಟು ಸವೆದಿದ್ದಾರೆಂದು ನಾನು ನೋಡಿದ್ದೇನೆ. ನಿಮ್ಮ ಮನೆಯವರು ಎಲೆ ಹೊರಗೆ ಹಾಕಿದರೆಂದು ಎಲ್ಲ ಅಪ್ಪಂದಿರೂ ಅದೇ ಅಳತೆಯೇ?

ಬಸವಭಕ್ತ, ದಾವಣಗೆರೆ

ಅದಕ್ಕೇ ಹೇಳಿದ್ದು, ಗುರುಹಿರಿಯರ ಶಾಪ.

ಕೇಸು ಕಂಡವನು, ಹಿರಿಯೂರು

ಶಾಪ ಎಂದು ಇನ್ನೊಮ್ಮೆ ಬರೆಯಬೇಡಿ ಸ್ವಾಮಿ. ಕಾಯಿಲೆಯ ಮನೆಯವರು ಓದುತ್ತಿದ್ದಾರೆ.

ವಿದ್ಯಾನಗರದ ಹುಡುಗ

ಎಲ್ಲರಿಗೂ ವಂದನೆ. ನಿದ್ದೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಹರಿಹರದವಳು

ನಾನು ಹೇಳುತ್ತೇನೆ. ನಿಲ್ಲಿಸಿದ ಒಂದೆರಡು ದಿನದಲ್ಲೇ ಸಿಡಿಮಿಡಿ, ಬೆವರು, ಊಟ ಸೇರದಿರುವುದು ಶುರುವಾಯಿತು. ಮೊದಲ ವಾರ ತೀರಾ ಕೆಟ್ಟದ್ದು. ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಇಳಿಯುತ್ತದೆ, ನಿದ್ದೆ ಮಾತ್ರ ಕೆಲವರಿಗೆ ಇನ್ನೂ ತಡ. ದಿನವೂ ಸೇದುವವರಿಗೆ ಕನಸು ಬೀಳುವ ನಿದ್ದೆ ಕಡಿಮೆಯಾಗಿರುತ್ತದೆ, ನಿಲ್ಲಿಸಿದಾಗ ಅದೆಲ್ಲ ಒಟ್ಟಿಗೆ ನುಗ್ಗುತ್ತದೆ. ಆ ಕನಸು ದೇವರ ಶಿಕ್ಷೆಯಲ್ಲ. ನನಗೆ ಇದನ್ನು ಯಾರಾದರೂ ಆಗ ಹೇಳಿದ್ದರೆ ಎಷ್ಟೋ ರಾತ್ರಿ ಉಳಿಯುತ್ತಿತ್ತು. ಮೊದಲು 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡು. ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತನಾಡುತ್ತಾರೆ. ಗುರುತಿನವರ ಭಯವಿದ್ದರೆ ಬೇರೆ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ ಹೋಗು. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಅಲ್ಲಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಬರುತ್ತಾರೆಯೇ ಎಂದು ಮೊದಲು ವಿಚಾರಿಸಿಕೊ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನಿನ್ನ ಮಾಹಿತಿಯನ್ನು ಗೋಪ್ಯವಾಗಿಡುವುದು ಅವರ ಕರ್ತವ್ಯ. ಮನೆಯಲ್ಲಿ ನಾನು ಮೊದಲು ಹೇಳಿದ್ದು ಸೇದುವುದನ್ನು. ಅದಕ್ಕೆ ಅಮ್ಮ ಅತ್ತು ಸುಮ್ಮನಾದರು. ಸಭೆ ಬಿಟ್ಟದ್ದಕ್ಕೆ ಇನ್ನೂ ಆಗಿಲ್ಲ. ಹೆಣ್ಣು ನೋಡಲು ಮಾತ್ರ ಈಗಲೇ ಹೋಗಬೇಡ, ಆ ಹುಡುಗಿಗೂ ಒಂದು ಜೀವನವಿದೆ.

ಜೋಗಿಮಟ್ಟಿ, ಚಿತ್ರದುರ್ಗ

ನಾನಾದರೆ ನಂಬಿಕೆಯದ್ದೇ ಮೊದಲು ಹೇಳುತ್ತಿದ್ದೆ. ಸೇದುವುದನ್ನು ಮೊದಲು ಹೇಳಿದರೆ, ಮುಂದೆ ನೀನು ಏನು ಹೇಳಿದರೂ ಅಮಲಿನ ಮಾತು ಎನ್ನುತ್ತಾರೆ. ಮೇಲೆ ಒಬ್ಬರು ಆಗಲೇ ಎಂದಿದ್ದಾರೆ.

ಚಳ್ಳಕೆರೆಯ ಅಣ್ಣ

ಹಿರಿಯೂರಿನವರೇ, ಚಿಕಿತ್ಸೆಗೆ ಹೋದರೆ ಪೊಲೀಸರಿಗೆ ತಿಳಿಯುತ್ತದೆ ಎಂದು ಆ ಕೇಂದ್ರದವರು ನಮ್ಮನ್ನು ಹೆದರಿಸಿದ್ದರು. ಸರ್ಕಾರಿ ಆಸ್ಪತ್ರೆಗೆ ಹೋಗದೆ ಅಲ್ಲಿ ಸಿಕ್ಕಿಬಿದ್ದದ್ದೇ ಅದಕ್ಕೆ. ಕಾನೂನು ಏನು ಹೇಳುತ್ತದೆ?

ಕೇಸು ಕಂಡವನು, ಹಿರಿಯೂರು

ಸುಳ್ಳು ಹೇಳಿದ್ದಾರೆ. ಅದೇ ಕಾಯ್ದೆಯ 64ಎ ಕಲಂ ಓದಿ. ವ್ಯಸನಿಯಾದವನು ತಾನಾಗಿಯೇ ಸರ್ಕಾರಿ ಆಸ್ಪತ್ರೆಗೋ ಸರ್ಕಾರದ ಮಾನ್ಯತೆಯಿರುವ ಕೇಂದ್ರಕ್ಕೋ ಹೋಗಿ ಚಿಕಿತ್ಸೆ ಪಡೆದರೆ, ಸೇವನೆಗಾಗಿ ಅಥವಾ ಸಣ್ಣ ಪ್ರಮಾಣಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು, ಆದ್ದರಿಂದ ಚೀಟಿಗಳನ್ನೆಲ್ಲ ಇಟ್ಟುಕೊಳ್ಳಬೇಕು. ನಿಮ್ಮ 54,000ಕ್ಕೆ ರಸೀದಿ ಇಲ್ಲದಿದ್ದರೂ, ಬ್ಯಾಂಕಿನಿಂದ ಕಳುಹಿಸಿದ್ದರೆ ಖಾತೆಯ ವಿವರ ತೆಗೆಸಿ, ಬಾಸುಂಡೆಯ ಫೋಟೋ ಜೊತೆಗಿಟ್ಟು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಮನೋರೋಗಿಗಳಿಗೆ ಅಲ್ಲಿ ವಕೀಲರ ನೆರವು ಉಚಿತ.